ಜಾಬರ್ ಕಾಕಾನ ಅರ್ಜಿ

ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಚಾದರ ನೇಯುವ ಒಂದು ಕಾರ್ಖಾನೆಯಿತ್ತು. ಹತ್ತೊಂಬತ್ತು ವರ್ಷ ನಾನು ಅಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತಿದ್ದೆ. ಮಗ್ಗದಿಂದ ಇಳಿದ ಚಾದರವನ್ನು ಕಿಟಕಿಯ ಬೆಳಕಿಗೆ ಹರಡಿ, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಉಳಿದಿದೆ, ನವಿಲಿನ ಕೊರಳು ಎಲ್ಲಿ ಸೊಟ್ಟಗಾಗಿದೆ ಎಂದು ನೋಡುವುದು ನನ್ನ ಕೆಲಸ. ತಪ್ಪಿಲ್ಲದ್ದನ್ನು ಮಡಚಿ ಬಲಕ್ಕೆ ಇಡಬೇಕು, ತಪ್ಪಿದ್ದನ್ನು ಎಡಕ್ಕೆ. ಹೊಸ ಚಾದರಕ್ಕೆ ಗಂಜಿ ಮತ್ತು ಬಣ್ಣ ಕೂಡಿದ ಒಂದು ವಾಸನೆ ಇರುತ್ತದೆ. ಸಂಜೆ ಮನೆಗೆ ಹೋದಾಗ ನನ್ನ ಮಗಳು ಚಿಕ್ಕವಳಿದ್ದಾಗ ನನ್ನ ಸೆರಗು ಮೂಸಿ, 'ಅವ್ವ ಕಾರಖಾನಿ ಬಂದ್ಲು' ಎನ್ನುತ್ತಿದ್ದಳು.

ನಮ್ಮೂರು ಮೈಂದರ್ಗಿ. ಬೆಳಿಗ್ಗೆ ಎಸ್‌ಟಿ ಹಿಡಿದು ಅಕ್ಕಲಕೋಟಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸೋಲಾಪುರದ ದಿಕ್ಕಿಗೆ. ಪೇಟೆ ಬರುವ ಮೊದಲೇ ಎಂಐಡಿಸಿಯ ತಿರುವಿನಲ್ಲಿ ಇಳಿದುಬಿಡುವುದು. ಈ ದಾರಿಯಲ್ಲಿ ನನ್ನ ಜೊತೆ ದಿನವೂ ಬರುತ್ತಿದ್ದವರು ನಮ್ಮ ಕಾರ್ಖಾನೆಯ ಜಾಬರ್. ಮಗ್ಗ ಕೆಟ್ಟರೆ ಸರಿಮಾಡುವವನಿಗೆ ನಮ್ಮಲ್ಲಿ ಜಾಬರ್ ಎನ್ನುತ್ತಾರೆ. ವಯಸ್ಸಿನಲ್ಲಿ ನನ್ನ ತಂದೆಗಿಂತ ಸ್ವಲ್ಪ ಚಿಕ್ಕವರು, ನಮ್ಮ ಮನೆಯಿಂದ ಎರಡು ಓಣಿ ಆಚೆಗೆ ಅವರ ಮನೆ. ನಾನು ಕಾಕಾ ಎಂದು ಕರೆಯುತ್ತಿದ್ದೆ. ಬಸ್ಸು ಬಂದ ಕೂಡಲೇ ಕಿಟಕಿಯಿಂದ ತಮ್ಮ ಟವೆಲ್ ಒಗೆದು ಎರಡು ಸೀಟು ಹಿಡಿಯುತ್ತಿದ್ದರು. ಕಿಟಕಿಯ ಬದಿ ನನಗೆ. ಗಾಳಿಗೆ ಅವರಿಗೆ ಕಿವಿ ನೋಯುತ್ತದಂತೆ. ಅದು ನಿಜವೋ, ನನಗೆ ಹೊರಗೆ ನೋಡುವ ಆಸೆಯಿದೆ ಎಂದು ತಿಳಿದು ಹೇಳಿದ್ದೋ, ನನಗೆ ಈಗಲೂ ಗೊತ್ತಿಲ್ಲ.

ಅವರ ಕೆಲಸ ನೋಡುವುದೇ ಒಂದು ಸೊಗಸು. ಇಪ್ಪತ್ತನಾಲ್ಕು ಮಗ್ಗ ಒಟ್ಟಿಗೆ ಬಡಿಯುವ ಕೋಣೆಯಲ್ಲಿ ಮಾತು ಕೇಳಿಸುವುದಿಲ್ಲ. ನಾವೆಲ್ಲ ಕೈಸನ್ನೆಯಲ್ಲಿ ಮಾತಾಡುತ್ತಿದ್ದೆವು. ಚಹಾ ಬಂತು ಎನ್ನಲು ಹೆಬ್ಬೆರಳು ತುಟಿಗೆ, ಮಾಲಕರು ಬಂದರು ಎನ್ನಲು ಅಂಗೈ ಹೊಟ್ಟೆಯ ಮೇಲೆ. ಅಂಥ ಗದ್ದಲದಲ್ಲಿ ಕಾಕಾ ಎರಡು ಸಾಲಿನ ನಡುವೆ ಸುಮ್ಮನೆ ಅಡ್ಡಾಡುತ್ತ, ಇದ್ದಕ್ಕಿದ್ದಂತೆ ನಿಂತು, ಒಂದು ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವ ಹಾಗೆ. ಆಮೇಲೆ ಪಾನಾ ತೆಗೆದು ಯಾವುದೋ ಒಂದು ನಟ್ಟು ಕಾಲು ಸುತ್ತು ಬಿಗಿಮಾಡಿ ಮುಂದೆ ಹೋಗುವರು. ಅವರು ಮುಟ್ಟಿದ ಮಗ್ಗದ ಚಾದರ ಆ ದಿನ ನನ್ನ ಎಡಗಡೆಗೆ ಬರುತ್ತಿರಲಿಲ್ಲ.

ನನ್ನ ಟೇಬಲ್ಲಿನ ಪಕ್ಕದಲ್ಲೇ ನೆಲದ ಮೇಲೆ ಕೂತು ಚಾದರದ ಅಂಚಿಗೆ ಗೊಂಡೆ ಹೊಸೆಯುವ ಹೆಂಗಸರು ಇದ್ದರು. ಅವರಲ್ಲಿ ನಾಗಣಸೂರಿನ ಅಕ್ಕ ಒಬ್ಬಳು. ಕುರಿ ಸಾಕುವ ಮನೆಯವಳು. ಚಿಕ್ಕಂದಿನಿಂದ ಉಣ್ಣೆ ನೂತ ಕೈ. ತೊಡೆಯ ಮೇಲೆ ಒಂದು ಸಲ ಅಂಗೈ ಉಜ್ಜಿದರೆ ನಾಲ್ಕು ಎಳೆ ಹಗ್ಗದ ಹಾಗೆ ಕೂಡುತ್ತಿದ್ದವು. ತಮ್ಮ ಮನೆದೇವರು ಬೀರೋಬಾನ ಭಂಡಾರದ ಅರಿಶಿನ ಹಣೆಗೆ ಇಲ್ಲದೆ ಕೆಲಸಕ್ಕೆ ಬಂದವಳಲ್ಲ. ಮಧ್ಯಾಹ್ನ ನಾವಿಬ್ಬರೂ ರೊಟ್ಟಿ ಗಂಟು ಬಿಚ್ಚಿದರೆ ಅವಳ ಶೇಂಗಾ ಚಟ್ನಿ ಹಿಂಡಿಗೆ ಇಡೀ ವಿಭಾಗದವರ ಕೈ ಬರುತ್ತಿತ್ತು. 'ನಂದೇ ನನಗ ಉಳಿಯಂಗಿಲ್ಲ ನೋಡು' ಎಂದು ಬೈಯುತ್ತಲೇ ಮರುದಿನ ಹೆಚ್ಚು ಕುಟ್ಟಿ ತರುವಳು.

ವರ್ಷಕ್ಕೊಂದು ದಿನ, ಖಂಡೇನವಮಿಗೆ, ಎಲ್ಲ ಮಗ್ಗ ನಿಲ್ಲುತ್ತಿದ್ದವು. ಚೆಂಡು ಹೂವಿನ ಮಾಲೆ, ಅರಿಶಿನ ಕುಂಕುಮ, ಒಂದೊಂದು ಮಗ್ಗದ ಮುಂದೆ ಒಂದೊಂದು ತೆಂಗಿನಕಾಯಿ. ಆ ದಿನ ನಾವು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆವು. ನನ್ನ ಮಗಳು ಕಾಕಾನ ಕೈ ಹಿಡಿದು ಪ್ರತಿ ಮಗ್ಗಕ್ಕೂ ನಮಸ್ಕಾರ ಮಾಡಿಕೊಂಡು ಬಂದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಹೊರದೇಶದ ಬ್ಲ್ಯಾಂಕೆಟ್ಟುಗಳು ಯಾವಾಗ ಬಂದವು ಎಂದು ಸರಿಯಾಗಿ ಹೇಳಲಾರೆ. ಮೊದಲು ಸೋಲಾಪುರದ ರಸ್ತೆ ಬದಿಯಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುತ್ತಿದ್ದರು. ಬೆಕ್ಕಿನ ಮೈಯಂಥ ನುಣುಪು, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ, ದೊಡ್ಡ ದೊಡ್ಡ ಗುಲಾಬಿ ಹೂವು. ಆಮೇಲೆ ಅಕ್ಕಲಕೋಟದ ಅಂಗಡಿಗಳಿಗೂ ಬಂದವು. ಕೊನೆಗೆ ನಮ್ಮ ಮೈಂದರ್ಗಿಯ ವಾರದ ಸಂತೆಗೂ. ನಮ್ಮ ಚಾದರ ತೊಳೆದಷ್ಟೂ ಮೆತ್ತಗಾಗುತ್ತದೆ, ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ ಎಂದು ಹೇಳಿದರೆ ಕೊಳ್ಳುವವರು ತಲೆಯಾಡಿಸಿ ಅದನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಇತ್ತ ಕಾರ್ಖಾನೆಯಲ್ಲಿ ಮಡಚಿಟ್ಟ ಚಾದರ ಗೋದಾಮಿನ ಮಾಳಿಗೆಯವರೆಗೆ ಏರಿತು. ಇಪ್ಪತ್ತನಾಲ್ಕರಲ್ಲಿ ಹದಿನಾರು ಮಗ್ಗ ನಡೆದವು, ಆಮೇಲೆ ಎಂಟು. ಒಂದು ಮಧ್ಯಾಹ್ನ ಮಾಲಕರು ಉಳಿದ ಎಂಟನ್ನೂ ನಿಲ್ಲಿಸಲು ಹೇಳಿ, ನಮ್ಮೆಲ್ಲರನ್ನೂ ಸೇರಿಸಿದರು. ವಯಸ್ಸಾದ ಮನುಷ್ಯ. ಮರಾಠಿಯಲ್ಲಿ ನಾಲ್ಕು ಮಾತಾಡಿ, ಐದನೆಯದು ಬಾರದೆ, ಕೈ ಮುಗಿದು ಒಳಗೆ ಹೋಗಿಬಿಟ್ಟರು.

ಆ ದಿನ ಯಾರೂ ಅಳಲಿಲ್ಲ. ನಾಗಣಸೂರಿನ ಅಕ್ಕ ಅರ್ಧ ಹೊಸೆದ ಗೊಂಡೆಯನ್ನು ಪೂರ್ತಿ ಮಾಡಿಯೇ ಎದ್ದಳು. ಕಾಕಾ ಎಂಟು ಮಗ್ಗಕ್ಕೂ ಎಣ್ಣೆ ಬಿಟ್ಟರು. 'ಯಾಕ್ರಿ ಕಾಕಾ, ಇನ್ನ ಚಾಲು ಮಾಡಾವ್ರ ಯಾರ ಇದ್ದಾರ?' ಎಂದು ಯಾರೋ ಕೇಳಿದರು. 'ನಿಂತ ಮಗ್ಗಕ್ಕ ಜಂಗ ಲಗೂ ಹಿಡೀತದ' ಎಂದರು, ಅಷ್ಟೇ.

ಕೆಲವು ತಿಂಗಳು ಕಳೆದ ಮೇಲೆ ಒಂದು ಸುದ್ದಿ ಬಂತು. ಹೊರದೇಶದ ಮಾಲು ಬಂದು ಕೆಲಸ ಹೋದ ಕಾರ್ಖಾನೆಯವರಿಗೆ ಸರಕಾರದ ನೆರವಿದೆ, ಹೊಸ ಕೆಲಸದ ತರಬೇತಿ ಕೊಡುತ್ತಾರೆ, ತರಬೇತಿ ಮುಗಿಯುವವರೆಗೆ ತಿಂಗಳಿಗಿಷ್ಟು ಭತ್ಯೆ, ವಯಸ್ಸು ಮೀರಿದವರಿಗೆ ತರಬೇತಿಯ ಬದಲು ಒಂದೇ ಸಲ ಸಹಾಯ. ಅರ್ಜಿ ಮರಾಠಿಯಲ್ಲಿತ್ತು. ನಾನು ಏಳನೆಯವರೆಗೆ ಮೈಂದರ್ಗಿಯ ಕನ್ನಡ ಸಾಲೆಯಲ್ಲಿ, ಆಮೇಲೆ ಹತ್ತನೆಯವರೆಗೆ ಅಕ್ಕಲಕೋಟದ ಮರಾಠಿ ಸಾಲೆಯಲ್ಲಿ ಕಲಿತವಳು. ಎರಡೂ ಬರೆಯಬಲ್ಲೆ. ಹಾಗಾಗಿ ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಮುಚ್ಚಿದ ಗೇಟಿನ ಎದುರಿನ ಬೇವಿನ ಮರದ ಕೆಳಗೆ ಒಂದು ಗೋಣಿ ಹಾಸಿ ಕೂತೆ. ಎರಡು ಮೂರು ದಿನ ಬಂದವರಿಗೆಲ್ಲ ಬರೆದುಕೊಟ್ಟೆ.

ಅರ್ಜಿಯಲ್ಲಿ 'ಮಾಡುತ್ತಿದ್ದ ಕೆಲಸ' ಎಂಬ ಸಾಲೊಂದಿತ್ತು. ಅದನ್ನು ಕೇಳಿದರೆ ಎಲ್ಲರೂ ನಾಚಿಕೊಳ್ಳುತ್ತಿದ್ದರು. ನಾಗಣಸೂರಿನ ಅಕ್ಕ, 'ನಂದೇನು ಕೆಲಸ? ಕುಂತು ದಾರ ತಿರುವೂದು. ಏನಾರ ಬರಿ' ಎಂದಳು. 'ಹಂಗಲ್ಲ ಅಕ್ಕಾ, ಗೊಂಡೆ ಹೊಸಿಯಾಕಿ ಅಂತ ಬರೀತೀನಿ' ಎಂದೆ. ಮರಾಠಿಯಲ್ಲಿ ಬರೆದು ಓದಿ ಹೇಳಿದಾಗ, ಅವಳು ಇನ್ನೊಂದು ಸಲ ಓದು ಎಂದಳು. ಯಾರೋ ಬೇರೆಯವರ ಸುದ್ದಿ ಕೇಳುವಂತೆ ಕೇಳಿಸಿಕೊಂಡಳು.

ಅರ್ಜಿಗಳನ್ನು ಒಯ್ದು ಸೋಲಾಪುರದ ಕಚೇರಿಯಲ್ಲಿ ಕೊಟ್ಟೆವು. ಅಲ್ಲಿದ್ದವರು ಒಬ್ಬ ಹೆಣ್ಣು ಅಧಿಕಾರಿ, ಮೂವತ್ತರ ಆಸುಪಾಸು. ನಾವು ಮೇಡಂ ಎನ್ನುತ್ತಿದ್ದೆವು. ಸಿಡುಕಿನವರಲ್ಲ. ಆದರೆ ಕಾಗದ ಎಂದರೆ ಕಾಗದ. ಹೊರದೇಶದ ಮಾಲಿನಿಂದಲೇ ನಿಮ್ಮ ಕಾರ್ಖಾನೆ ನಿಂತಿತು ಎಂದು ಫೈಲಿನಲ್ಲಿ ತೋರಿಸಬೇಕು, ಆ ಮಾಲಿನ ನಮೂನೆ ಒಂದು, ನಿಮ್ಮ ಚಾದರದ ನಮೂನೆ ಒಂದು ತಂದುಕೊಡಿ ಎಂದರು.

ಹೊರಗೆ ಬಂದು, ಆ ಬ್ಲ್ಯಾಂಕೆಟ್ ಎಲ್ಲಿಂದ ತರುವುದು ಎಂದು ಕೇಳಿದೆ. ಒಬ್ಬರು ನೆಲ ನೋಡಿದರು, ಒಬ್ಬರು ಆಕಾಶ ನೋಡಿದರು. ನಾನೂ ನನ್ನ ಚಪ್ಪಲಿ ನೋಡಿಕೊಂಡೆ. ನೋಡೋಣ, ಸಿಕ್ಕವರು ತನ್ನಿ ಎಂದು ಚದುರಿದೆವು.

ಮರುದಿನ ಕಚೇರಿಯ ಜಗುಲಿಯಲ್ಲಿ ಕೂಡಿದಾಗ ಏಳು ಬ್ಲ್ಯಾಂಕೆಟ್ ಬಂದಿದ್ದವು. ಒಂದೊಂದು ಪಿಶವಿ ಚೀಲದೊಳಗೂ ಒಂದೊಂದು. ಏಳೂ ನಮ್ಮ ನಮ್ಮ ಮನೆಯವೇ. ನನ್ನದು ಗುಲಾಬಿ ಬಣ್ಣದ್ದು. ಕಾಲೇಜಿಗೆ ಹೋಗುವ ಮಗಳು ಹಟ ಮಾಡಿ ಕೊಡಿಸಿಕೊಂಡಿದ್ದು. ಬಟ್ಟೆಯ ಗಂಟಿನಿಂದ ಹಸಿರು ಬ್ಲ್ಯಾಂಕೆಟ್ ತೆಗೆದ ಕಾಕಾ ಯಾರ ಮುಖವನ್ನೂ ನೋಡಲಿಲ್ಲ.

'ನಿಮ್ಮ ಕಾಕಿ ತಂದಾಳ' ಎಂದರು. 'ಒದ್ದಿ ಚಾದರ ಎತ್ತಿ ಹಿಂಡಾಕ ಆಗವಲ್ದು ಆಕಿಗೆ. ಮೊಣಕೈ ನೋಯ್ತಾವ. ನಾ ಏನಂತ ಹೇಳ್ಲಿ?'

ನಾಗಣಸೂರಿನ ಅಕ್ಕ ಮೊದಲು ನಕ್ಕಳು. ಅವಳ ಪಿಶವಿಯಲ್ಲೂ ಒಂದಿತ್ತಲ್ಲ. ಆಮೇಲೆ ಎಲ್ಲರೂ ನಕ್ಕೆವು. ಕಚೇರಿಯ ಪಟ್ಟೇವಾಲಾ ಬಂದು ಗದ್ದಲ ಮಾಡಬೇಡಿ ಎನ್ನುವವರೆಗೆ ನಕ್ಕೆವು. ಕಾರ್ಖಾನೆ ನಿಂತ ಮೇಲೆ ನಾವೆಲ್ಲ ಕೂಡಿ ನಕ್ಕದ್ದು ಅದೇ ಮೊದಲು. ನಗುತ್ತಲೇ ನನಗೊಂದು ನೆನಪಾಯಿತು. ಆ ಗುಲಾಬಿ ಬಣ್ಣದ್ದನ್ನು ಕೊಂಡ ದಿನ ನಾನು ಅಂಗಡಿಯವನಿಗೆ ಕಡಿಮೆ ಮಾಡು ಎಂದು ಜಗಳವಾಡಿದ್ದೆ.

ಒಳಗೆ ಮೇಡಂ ಎರಡನ್ನೂ ಮುಟ್ಟಿ ನೋಡಿ, ನೋಡಲು ಎರಡೂ ಹೊದಿಕೆಯೇ, ವ್ಯತ್ಯಾಸ ಏನೆಂದು ಬರೆಯಲಿ ಎಂದು ಕೇಳಿದರು. ಅಕ್ಕ ನನಗೆ, 'ಕಡ್ಡಿಪೆಟ್ಟಿಗಿ ಕೇಳು ಆಕಿಗೆ' ಎಂದಳು. ಜಗುಲಿಗೆ ಬಂದು, ಚಾದರದ ಒಂದು ಎಳೆ ಕಿತ್ತು ಕಡ್ಡಿ ಕೊರೆದಳು. ಕಾಗದ ಸುಟ್ಟಂತೆ ವಾಸನೆ ಬಂತು. ಬೆರಳಲ್ಲಿ ಒರೆಸಿದರೆ ಬೂದಿ. ಬ್ಲ್ಯಾಂಕೆಟ್ಟಿನ ಎಳೆ ಸುಡುವ ಮೊದಲೇ ಕರಗಿ, ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಅದನ್ನು ಮೇಡಂ ಅವರ ಅಂಗೈಯಲ್ಲಿಟ್ಟು, 'ಇದು ಹತ್ತಿ ನೋಡಿಲ್ರಿ, ಕುರಿ ನೋಡಿಲ್ಲ. ಇದಕ್ಕ ಹೊಲ ಗೊತ್ತಿಲ್ಲ, ಹಟ್ಟಿ ಗೊತ್ತಿಲ್ಲ' ಎಂದಳು. ನಾನು ಮರಾಠಿಯಲ್ಲಿ ಹೇಳಿದೆ. ಮೇಡಂ ಆ ಮಣಿಯನ್ನು ಒಂದು ಲಕೋಟೆಗೆ ಹಾಕಿ ಫೈಲಿಗೆ ಪಿನ್ನು ಚುಚ್ಚಿದರು.

ಅಲ್ಲಿಗೆ ಎಲ್ಲ ಸುಸೂತ್ರ ಎಂದುಕೊಂಡೆ. ಆದರೆ ವಾರದ ನಂತರ ಮೇಡಂ ನನ್ನನ್ನು ಕರೆಸಿದರು. ಕಾರ್ಖಾನೆಯ ಹಾಜರಿ ಪುಸ್ತಕ ಕಚೇರಿಗೆ ಬಂದಿತ್ತು. ಅರ್ಜಿಯಲ್ಲಿ ಬರೆದ ಕೆಲಸ, ಪುಸ್ತಕದಲ್ಲಿದ್ದ ಕೆಲಸ ಎರಡೂ ಹೊಂದಬೇಕು. ಎಲ್ಲರದೂ ಹೊಂದುತ್ತಿತ್ತು, ಕಾಕಾನದೊಂದನ್ನು ಬಿಟ್ಟು. ಹದಿನಾರನೆಯ ವಯಸ್ಸಿನಲ್ಲಿ ಅವರು ಕೆಲಸಕ್ಕೆ ಸೇರಿದಾಗ ಹೆಲ್ಪರ್ ಎಂದು ಬರೆದದ್ದನ್ನು ಯಾರೂ ತಿದ್ದಿರಲಿಲ್ಲ. ಪಗಾರ ಏರಿತ್ತು, ಕೆಲಸ ಏರಿತ್ತು, ಇಡೀ ಕಾರ್ಖಾನೆ ಅವರನ್ನು ಜಾಬರ್ ಎಂದೇ ಕರೆಯುತ್ತಿತ್ತು. ಪುಸ್ತಕದಲ್ಲಿ ಮಾತ್ರ ವರ್ಷ ವರ್ಷವೂ ಹಳೆಯ ಪುಟ ನೋಡಿ ಹೊಸ ಪುಟಕ್ಕೆ ಇಳಿಸಿಕೊಂಡು ಹೋಗಿದ್ದರು.

'ಹೆಲ್ಪರ್ ಎಂದು ಹೊಸ ಅರ್ಜಿ ಬರೆದುಕೊಡಿ, ಇವತ್ತೇ ಪಾಸಾಗುತ್ತದೆ' ಎಂದರು ಮೇಡಂ ಮರಾಠಿಯಲ್ಲಿ. 'ಜಾಬರ್ ಎಂದೇ ಇಟ್ಟರೆ ವಿಚಾರಣೆಗೆ ಹೋಗುತ್ತದೆ. ಎಷ್ಟು ದಿನ ಹಿಡಿಯುತ್ತದೋ ಹೇಳಲಾರೆ. ಕೊನೆಯ ದಿನ ಈ ಶನಿವಾರ.'

ಜೊತೆಗೆ ಬಂದು ಹೊರಗೆ ಕೂತಿದ್ದ ಕಾಕಾನಿಗೆ ಮರಳುವ ಬಸ್ಸಿನಲ್ಲಿ ಅದನ್ನು ಹೇಳಿದೆ. ಅವರು, 'ಹೆಲ್ಪರ್ ಅಂತ ಬರಿಬ್ಯಾಡ ಯವ್ವಾ' ಎಂದರು. 'ಸಿಗದಿದ್ರ ಬಿಡ್ಲಿ. ಹಂಗ ಬರಿಬ್ಯಾಡ.'

ಆ ಸಂಜೆ ಕಾಕಿ ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಬೆವರು ಒರೆಸಿಕೊಂಡು, 'ಅವ್ರದು ಹಟ. ನಿನಗ ಗೊತ್ತದ. ಮೂರು ತಿಂಗಳಿಂದ ಮನ್ಯಾಗ ಕುಂತಾರ, ಊಟ ಸೈತ ಬರೋಬರಿ ಮಾಡವಲ್ರು. ಹ್ಯಾಂಗಾರ ಮಾಡಿ ಇದೊಂದು ಪಾಸ್ ಮಾಡಿಸು ನಮ್ಮವ್ವಾ' ಎಂದರು. ನಾನು ಆಗಲಿ ಎಂದೆ.

ಶುಕ್ರವಾರ ಬೇವಿನ ಮರದ ಕೆಳಗೆ ಕಾಕಾನಿಗೆ ಹೊಸ ಅರ್ಜಿ ಬರೆದೆ. ಹಳೆಯದರಲ್ಲಿ ಊರಿನ ಹೆಸರು ತಪ್ಪಿದೆ ಎಂದು ಹೇಳಿದ್ದೆ. ಅವರು ಕನ್ನಡ ಸಾಲೆಯ ಮೂರನೆಯವರೆಗೆ ಹೋದವರು. ದೇವನಾಗರಿ ಓದಲು ಬರುತ್ತಿರಲಿಲ್ಲ. ಸಹಿ ಹಾಕುವ ಮೊದಲು 'ಮಾಡುತ್ತಿದ್ದ ಕೆಲಸ' ಎಂಬ ಸಾಲಿನ ಮೇಲೆ ಸರಿಯಾಗಿ ಬೆರಳಿಟ್ಟರು. ಹೇಗೆ ಗುರುತು ಹಿಡಿದರೋ.

'ಇಲ್ಲಿ ಏನದ?'

'ಜಾಬರ್ ಅಂತ ಅದ ಕಾಕಾ' ಎಂದೆ.

ಅವರು ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೊರೆದಂತೆ, ಸಹಿ ಹಾಕಿದರು. ನಾನು ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡು, ಮಧ್ಯಾಹ್ನವೇ ಕಚೇರಿಗೆ ಮುಟ್ಟಿಸಿದೆ. ಒಳ್ಳೆಯದನ್ನೇ ಮಾಡಿದೆ ಎಂದು ಆ ದಿನ ನನಗೆ ಪೂರ್ತಿ ನಂಬಿಕೆಯಿತ್ತು. ಅದನ್ನು ಮುಚ್ಚಿಡುವುದಿಲ್ಲ. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಮಂಜೂರಾತಿ ಪತ್ರಗಳನ್ನು ಸೋಲಾಪುರದ ಒಂದು ಸಭಾಗೃಹದಲ್ಲಿ ಹಂಚಿದರು. ನಾವೆಲ್ಲ ಮದುವೆಗೆ ಹೋಗುವಂತೆ ಹೋಗಿದ್ದೆವು. ಕಾಕಾ ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ತಲೆಗೆ ಟೋಪಿ. ವೇದಿಕೆಯ ಮೇಲೆ ಒಬ್ಬರು ನಿಂತು ಮೈಕಿನಲ್ಲಿ ಹೆಸರು, ಊರು, ಕೆಲಸ ಓದುತ್ತಿದ್ದರು. ಹೀಗೆ ಓದುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಾಗಣಸೂರಿನ ಅಕ್ಕ 'ಗೊಂಡೆ ಕಾರಾಗೀರ', ಅಂದರೆ ಗೊಂಡೆಯ ಕಸುಬುದಾರಳು, ಎಂದು ಕೇಳಿಸಿಕೊಂಡು ಸೆರಗು ಹೊದ್ದು ಮೇಲೆ ಹೋಗಿ ಬಂದಳು. ನಾನು ಕಾಕಾನ ಕಡೆ ನೋಡಿದೆ. ಕಾಕಾನ ಹೆಸರು ಬಂತು. ಮೈಂದರ್ಗಿ ಬಂತು. ಆಮೇಲೆ, 'ಹೆಲ್ಪರ್.'

ಕಾಕಾ ಏಳಲಿಲ್ಲ. ಕೇಳಿಸಲಿಲ್ಲವೆಂದು ತಿಳಿದು ಮೈಕಿನವರು ಇನ್ನೊಂದು ಸಲ ಗಟ್ಟಿಯಾಗಿ ಓದಿದರು. ಆಗ ಎದ್ದರು. ಮೇಲೆ ಹೋಗಿ ಲಕೋಟೆ ತೆಗೆದುಕೊಂಡು, ಎಲ್ಲರಿಗೂ ಕೈ ಮುಗಿದು ಇಳಿದು ಬಂದರು. ನನ್ನ ಸಾಲಿನ ಪಕ್ಕದಿಂದಲೇ ಹಾದು, ಬಾಗಿಲು ದಾಟಿ ಹೊರಗೆ ಹೋದರು. ನಾನು ಓಡಿ ಹಿಂದೆ ಹೋದಾಗ ಅವರು ಸ್ಟ್ಯಾಂಡಿನ ಕಡೆಗೆ ನಡೆದಾಗಿತ್ತು.

'ಕಾಕಾ' ಎಂದೆ.

'ಬಸ್ಸಿಗಿ ಹೊತ್ತಾತು' ಎಂದರು, ಹಿಂದೆ ತಿರುಗದೆ.

ಆಮೇಲೆ ಎರಡೂವರೆ ತಿಂಗಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಷ್ಟರಲ್ಲಿ ನನ್ನ ತರಬೇತಿ ಅಕ್ಕಲಕೋಟದಲ್ಲಿ ಶುರುವಾಗಿತ್ತು. ಕರೆಂಟಿನ ಹೊಲಿಗೆ ಯಂತ್ರ ಕಲಿಸುತ್ತಿದ್ದರು. ನಾಗಣಸೂರಿನ ಅಕ್ಕನೂ ಅಲ್ಲೇ. ಕಾಕಾನಿಗೆ ವಯಸ್ಸು ಮೀರಿದ್ದರಿಂದ ಒಂದೇ ಸಲದ ಸಹಾಯ ಸಿಕ್ಕಿತ್ತು. ಅದರಲ್ಲಿ ಕಾಕಿ ಮನೆಯ ತಗಡು ಬದಲಿಸಿದರು ಎಂದು ಕೇಳಿದೆ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಕಾಕಾ ಚಹಾದಂಗಡಿಯೊಳಗೆ ಹೋಗಿ ನಿಂತುಬಿಡುತ್ತಿದ್ದರು. ನಾನು ಕಿಟಕಿಯ ಬದಿಗೆ ಕೂತರೂ ಹೊರಗೆ ನೋಡಲು ಮನಸ್ಸಾಗುತ್ತಿರಲಿಲ್ಲ.

ಒಂದು ದಿನ ಹೊಲಿಗೆ ನಿಲ್ಲಿಸಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ.

'ನನಗ ಗೊಂಡೆ ಅಂತ ಬರಿವಾಗ ಎರಡು ಸಲ ಓದಿ ಹೇಳಿದಿ. ನಾ ಮನಿಗಿ ಹೋಗಿ ಎಲ್ಲಾರ ಮುಂದ ಹೇಳಿಕೊಂಡೀನಿ, ನನ್ನ ಕೆಲಸಕ್ಕೂ ಒಂದು ಹೆಸರದ ಅಂತ. ಅವ್ರ ಹೆಸರು ನೀ ಹ್ಯಾಂಗ ಕಸಗೊಂಡಿ?'

'ಅವ್ರ ಚಲೋದಕ್ಕ ಮಾಡಿದೆ ಅಕ್ಕಾ.'

'ಹೌದು, ಚಲೋದಕ್ಕ ಮಾಡಿದಿ. ಹೋಗಿ ಅವ್ರ ಮುಂದ ಹೇಳು ಅದನ್ನ.'

ಆ ಭಾನುವಾರ ಹೋದೆ. ಕಾಕಾ ಅಂಗಳದಲ್ಲಿ ಗೋಣಿತಟ್ಟು ಹಾಸಿ ಪಕ್ಕದ ಮನೆಯವರ ನೀರಿನ ಪಂಪು ಬಿಚ್ಚಿಕೊಂಡು ಕೂತಿದ್ದರು. ಕಾಕಿ ಬಾಗಿಲಿಗೆ ಬಂದು ನನ್ನನ್ನು ನೋಡಿ ಒಳಗೆ ಸರಿದರು. ನಾನು ನೆಲದ ಮೇಲೆ ಕೂತೆ.

'ತಪ್ಪು ಆತ್ರಿ ಕಾಕಾ.'

ಅವರು ಒಂದು ಬೋಲ್ಟು ಒರೆಸಿ ಸಾಲಿನಲ್ಲಿಟ್ಟರು. 'ತಪ್ಪು ಬರಿಯೂದು ಎಲ್ಲಾರಿಗೂ ಆಗ್ತದ' ಎಂದರು. 'ನಾ ಬೊಟ್ಟು ಇಟ್ಟು ಕೇಳಿದ್ದೆ ನಿನಗ. ಏನದ ಇಲ್ಲಿ ಅಂತ. ನೀ ಏನಂದಿ?'

'ಜಾಬರ್ ಅಂದೆ.'

'ಒಂದು ಎಳಿ ತಪ್ಪಿದ್ರ ನಿನ್ನ ಕಣ್ಣಿಗಿ ಬೀಳ್ತಿತ್ತು. ಹತ್ತೊಂಬತ್ತು ವರ್ಷ ನನ್ನ ಮಗ್ಗದ ಮಾಲು ನೀನ ನೋಡೀದಿ. ನಾ ಯಾರು ಅನ್ನೂದು ಆ ಕಾರಖಾನ್ಯಾಗ ನಿನಗಿಂತ ಚಲೋ ಯಾರಿಗೂ ಗೊತ್ತಿದ್ದಿಲ್ಲ. ಬ್ಯಾರೇದವ್ರು ಬರದಿದ್ರ ನನಗ ಏನೂ ಅನಸ್ತಿದ್ದಿಲ್ಲ ಯವ್ವಾ.'

ಕಾಕಿ ಒಳಗಿನಿಂದಲೇ, 'ನಾನ ಹೇಳಿದ್ದೆ ಆಕಿಗೆ. ಬೈಯೂದಿದ್ರ ನನಗ ಬೈರಿ' ಎಂದರು. ಕಾಕಾ ಆ ಕಡೆ ನೋಡಿದರು, ಈ ಕಡೆ ನೋಡಿದರು. 'ಇಬ್ಬರೂ ಕೂಡಿ ಮಾಡೀರಿ ಹಂಗಾದ್ರ' ಎಂದು ಮತ್ತೆ ಪಂಪಿನ ಕೆಲಸಕ್ಕೆ ಬಾಗಿದರು. ನಗಲಿಲ್ಲ. ಆದರೆ ಪಾನಾ ಕೊಡು ಎಂದು ನನ್ನ ಕಡೆಗೆ ಕೈ ಚಾಚಿದರು. ನಾನು ಕೊಟ್ಟೆ.

ಮರುದಿನವೇ ಮರಾಠಿಯಲ್ಲಿ ಒಂದು ಅರ್ಜಿ ಬರೆದೆ. ಇವರು ಹೆಲ್ಪರ್ ಅಲ್ಲ, ಜಾಬರ್. ನಾವು ಅವರ ಕೈಕೆಳಗೆ ಕೆಲಸ ಮಾಡಿದವರು. ಅರ್ಜಿಯಲ್ಲಿ ಆ ಪದ ಬರೆದವಳು ನಾನು, ಅವರಿಗೆ ತಿಳಿಯದಂತೆ ಬರೆದೆ. ಆ ಕೊನೆಯ ಸಾಲು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಸಹಿ ಹಾಕಿಸಿಕೊಳ್ಳಲು ಆಯಾ ದಿನದ ತರಬೇತಿ ಮುಗಿದ ಮೇಲೆ ಊರೂರು ತಿರುಗಿದೆ. ಅಕ್ಕ ನನ್ನ ಜೊತೆ ನಾಗಣಸೂರಿಗೆ ಬಂದಳು, ಸೋಲಾಪುರದ ಓಣಿಗಳಿಗೂ ಬಂದಳು. ಒಬ್ಬನು ಗ್ಯಾರೇಜು ಸೇರಿದ್ದ, ಒಬ್ಬನು ಹಣ್ಣಿನ ಗಾಡಿ ಇಟ್ಟಿದ್ದ, ಒಬ್ಬಳು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಎಲ್ಲರೂ ಕಾರ್ಖಾನೆಯ ಮಾತು ತೆಗೆದು ಚಹಾ ಕುಡಿಸಿದರು. ಜಾಬರ್ ಕಾಕಾನ ಬಗ್ಗೆ ಪ್ರತಿಯೊಬ್ಬರ ಹತ್ತಿರವೂ ಒಂದು ಕಥೆ ಇತ್ತು. ಬೀಡಿ ಕಟ್ಟುವವಳು ತಾನು ಬಸುರಿಯಾಗಿದ್ದಾಗ ಕಾಕಾ ತನ್ನ ನೂಲಿನ ಕಾಂಡಿ ತುಂಬಿದ ಭಾರದ ಪೆಟ್ಟಿಗೆಯನ್ನು ದಿನವೂ ತಾವೇ ಎತ್ತಿಡುತ್ತಿದ್ದುದನ್ನು ಹೇಳಿದಳು. ಅದು ನನಗೂ ಗೊತ್ತಿರಲಿಲ್ಲ. ಕೊನೆಗೆ ಮಾಲಕರ ಮನೆಗೂ ಹೋದೆವು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಎಲ್ಲರಿಗಿಂತ ಮೇಲೆ ಜಾಗ ಹುಡುಕಿ ಸಹಿ ಹಾಕಿದರು. 'ಪುಸ್ತಕ ನಾನು ನೋಡಬೇಕಿತ್ತು' ಎಂದರು.

ಮೇಡಂ ಅರ್ಜಿ ಓದಿ ನನ್ನ ಮುಖ ನೋಡಿದರು. 'ತಿದ್ದಿದರೂ ಸಿಗುವುದು ಅಷ್ಟೇ. ಒಂದು ಪದ ಬದಲಾಗುತ್ತದೆ, ಬೇರೇನೂ ಇಲ್ಲ. ಗೊತ್ತಲ್ಲ?' ಎಂದರು.

ಗೊತ್ತು ಎಂದೆ.

ಎರಡು ತಿಂಗಳಿಗೆ ತಿದ್ದುಪಡಿ ಪತ್ರ ಬಂತು. ಕಾಕಾನ ವಿಳಾಸಕ್ಕೇ ಬಂದದ್ದು. ಅವರು ಅದನ್ನು ತೆಗೆದುಕೊಂಡು ನಮ್ಮ ಮನೆಗೆ ಬಂದರು. ಮಾತು ಬಿಟ್ಟ ಮೇಲೆ ಅವರು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ನಾನು ಓದಿ ಹೇಳಲು ಕೈ ಚಾಚಿದೆ. ಅವರು ಪತ್ರವನ್ನು ನನಗೆ ಕೊಡಲಿಲ್ಲ.

'ನಿನ್ನ ಮಗಳಿಗಿ ಕರಿ' ಎಂದರು.

ನನ್ನ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮರಾಠಿ ನೀರು ಕುಡಿದಂತೆ ಓದುತ್ತಾಳೆ. ಅವಳು ಬಂದು ಪತ್ರ ಬಿಡಿಸಿದಳು. ಕಾಕಾ ಅವಳ ಪಕ್ಕದಲ್ಲಿ ನಿಂತು, ಬೆರಳು ಮುಂದೆ ಮಾಡಿ, 'ಕೆಲಸ ಅಂತ ಎಲ್ಲಿ ಅದ, ಅದನ್ನ ಓದು. ನಿಮ್ಮವ್ವನ ಕಡೆ ನೋಡಬ್ಯಾಡ' ಎಂದರು. ಅವಳಿಗೆ ಏನೂ ಗೊತ್ತಿರಲಿಲ್ಲ. ನಕ್ಕು, ಓದಿದಳು: 'ಜಾಬರ್, ಯಂತ್ರಮಗ್ಗ ವಿಭಾಗ.'

'ಪರತ ಓದು.'

ಮತ್ತೆ ಓದಿದಳು. ಕಾಕಾ ಪತ್ರ ಮಡಚಿ ಅಂಗಿಯ ಒಳಗಿನ ಕಿಸೆಗೆ ಇಟ್ಟುಕೊಂಡರು. ಆಮೇಲೆ ನನಗೆ, 'ಚಹಾ ಮಾಡ್ತಿಯೋ ಇಲ್ಲೋ?' ಎಂದರು. ಒಳಗೆ ಹೋಗಿ ಒಲೆಯ ಮುಂದೆ ನಿಂತು ನಾನು ಅತ್ತೆ. ಸಕ್ಕರೆ ಹೆಚ್ಚಾಯಿತು. ಅವರು ಏನೂ ಅನ್ನದೆ ಕುಡಿದರು.

ಎಲ್ಲ ಮೊದಲಿನಂತಾಯಿತು ಎಂದರೆ ಸುಳ್ಳಾಗುತ್ತದೆ. ಈಗಲೂ ಯಾವುದಾದರೂ ಮರಾಠಿ ಕಾಗದ ಬಂದರೆ ಕಾಕಾ ಅದನ್ನು ಮೊದಲು ನನ್ನ ಮಗಳಿಗೆ ತೋರಿಸುತ್ತಾರೆ. ನನಗೆ ಆಮೇಲೆ. ಅದಕ್ಕೆ ನಾನು ಒಗ್ಗಿಕೊಂಡಿದ್ದೇನೆ.

ತರಬೇತಿ ಮುಗಿದು ನಾವು ಐದು ಹೆಂಗಸರು ಅಕ್ಕಲಕೋಟದಲ್ಲಿ ಒಂದು ಕೋಣೆ ಹಿಡಿದಿದ್ದೇವೆ. ಬಟ್ಟೆಯ ಪಿಶವಿ, ದಿಂಬಿನ ಕವರು, ಸಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇವೆ. ಗುರುವಾರ ಇಲ್ಲಿಯ ಸ್ವಾಮಿಗಳ ಮಠದ ದರ್ಶನಕ್ಕೆ ಬಂದ ಊರೂರ ಜನ ಪಿಶವಿ ಕೊಳ್ಳುತ್ತಾರೆ. ಕೆಲಸ ಸಾಕಷ್ಟಿದೆ. ಆದರೆ ಕೆಲವು ಮಧ್ಯಾಹ್ನ ಕರೆಂಟು ಹೋಗಿ ಯಂತ್ರಗಳೆಲ್ಲ ಒಮ್ಮೆಗೇ ನಿಂತಾಗ, ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಇಬ್ಬರಿಗೂ ಯಾವ ದಿನ ನೆನಪಾಯಿತು ಎಂದು ಇಬ್ಬರಿಗೂ ಗೊತ್ತು.

ಕಾಕಾ ಈಗ ಮೈಂದರ್ಗಿ, ಅಕ್ಕಲಕೋಟದಲ್ಲೆಲ್ಲ ಹಿಟ್ಟಿನ ಗಿರಣಿ, ಪಂಪು, ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಅಡ್ಡಾಡುತ್ತಾರೆ. ಈ ಕಡೆ ಬಂದಾಗ ನಮ್ಮ ಕೋಣೆಯ ಬಾಗಿಲಲ್ಲಿ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಹೋದ ವಾರ ಬಂದಾಗ, ತಮಗೆ ಮೊದಲ ಸಲ ಒಬ್ಬರಿಗೇ ಒಂದು ಮಗ್ಗ ಬಿಚ್ಚಿ ಜೋಡಿಸಲು ಕೊಟ್ಟ ದಿನದ ಕಥೆ ತೆಗೆದರು. ಜೋಡಿಸಿ ಮುಗಿದ ಮೇಲೆ ಒಂದು ನಟ್ಟು ಉಳಿದುಬಿಟ್ಟಿತ್ತಂತೆ. ಎಲ್ಲಿಯದು ಎಂದು ತಿಳಿಯದೆ ಬಾಯಲ್ಲಿಟ್ಟುಕೊಂಡು ಇಡೀ ದಿನ ಯಾರ ಜೊತೆಗೂ ಮಾತಾಡಲಿಲ್ಲವಂತೆ. ಮಗ್ಗ ಮಾತ್ರ ನಡೆದೇ ನಡೆಯಿತಂತೆ. ಗದ್ದಲದ ಕೋಣೆಯಲ್ಲಿ ಬದುಕು ಕಳೆದವರಲ್ಲವೇ, ಕಾಕಾ ಮಾತಾಡುವುದೇ ಕೂಗಿದಂತೆ. ಅಕ್ಕನೂ ಹಾಗೆಯೇ, ನಾನೂ ಹಾಗೆಯೇ. ಪಕ್ಕದ ಅಂಗಡಿಯ ಹೊಸ ಹೆಂಗಸು ಗಾಬರಿಯಾಗಿ ಓಡಿ ಬಂದು, ಏನಾಯಿತು, ಯಾಕೆ ಜಗಳ ಎಂದು ಮರಾಠಿಯಲ್ಲಿ ಕೇಳಿದಳು. 'ಜಗಳಲ್ರಿ ಬಾಯಿ' ಎಂದು ಕಾಕಾ ಇನ್ನೂ ಗಟ್ಟಿಯಾಗಿ ಹೇಳಿ, ಅವಳಿಗೂ ಒಂದು ಸ್ಟೂಲು ಹಾಕಿಸಿ, ಕಥೆಯನ್ನು ಮೊದಲಿನಿಂದ ಶುರುಮಾಡಿದರು.